ಹಳೇ ಪೇಟೆ ಬೀದಿಗೆ ಮತ್ತೆ ಜೀವ: ಪುರಸಭೆಯಿಂದ ಕೆಲಸ ಮಾಡಿಸಿಕೊಳ್ಳುವ ಕ್ರಮ

ತಾಲ್ಲೂಕು ಕೇಂದ್ರದ ಹಳೇ ಪೇಟೆ ಒಂದೇ ವರ್ಷದಲ್ಲಿ ಹಾಳಾಗುವುದಿಲ್ಲ. ಬೈಪಾಸ್ ಆಗುತ್ತದೆ, ಬಸ್ ನಿಲ್ದಾಣ ಊರಾಚೆ ಹೋಗುತ್ತದೆ, ಒಂದೊಂದೇ ಜವಳಿ ಅಂಗಡಿ ಹೊಸ ಬಡಾವಣೆ ಸೇರುತ್ತದೆ. ಮೇಲಂತಸ್ತು ಖಾಲಿ ಬೀಳುತ್ತದೆ, ಚರಂಡಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಹೆಂಗಸರು ಮಕ್ಕಳು ಸಂಜೆ ಆ ಕಡೆ ಕಾಲಿಡುವುದನ್ನೇ ಬಿಡುತ್ತಾರೆ. ಹೀಗೆ ಹತ್ತಿಪ್ಪತ್ತು ವರ್ಷ ಹಿಡಿದು ಕೆಟ್ಟದ್ದನ್ನು ಒಂದು ಶಂಕುಸ್ಥಾಪನೆ ಸರಿಮಾಡುವುದಿಲ್ಲ. ಕೋಟಿಗಟ್ಟಲೆಯ ಸಮಗ್ರ ಅಭಿವೃದ್ಧಿ ಯೋಜನೆ ಬರಲೆಂದು ಕಾಯುವ ಬದಲು 300 ಮೀಟರ್ ಬೀದಿಯನ್ನು ಹಿಡಿದು ಕೆಲಸಗಳನ್ನು ಸರದಿಯಲ್ಲಿ ಮಾಡಿಸಿಕೊಳ್ಳುವುದೇ ನಂಬಿಕೆಯ ದಾರಿ. ಪ್ರತಿ ಕೆಲಸಕ್ಕೂ ಒಬ್ಬ ಹೊಣೆಗಾರ ಅಧಿಕಾರಿ, ಒಂದು ದಿನಾಂಕ, ಒಂದು ದಾಖಲೆ ಇರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಭರವಸೆ ಗಾಳಿಗೆ ಹೋಗುತ್ತದೆ.

ಇಲ್ಲಿ ಹೇಳಿರುವುದು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿ ಬರುವ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಊರುಗಳಿಗೆ. ಮಹಾನಗರ ಪಾಲಿಕೆಗಳ ಕಾಯ್ದೆ ಬೇರೆ. 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸಂವಿಧಾನದ 243ಎಸ್ ವಿಧಿಯ ಪ್ರಕಾರ ವಾರ್ಡ್ ಸಮಿತಿ ಇರಬೇಕು. ಸಣ್ಣ ಊರುಗಳಿಗೆ ಆ ಕಡ್ಡಾಯವಿಲ್ಲ. ಆದ್ದರಿಂದ ಬೀದಿಯವರೇ ಐದಾರು ಜನ ಸೇರಿ ಆ ಕೆಲಸ ಮಾಡಬೇಕಾಗುತ್ತದೆ.

1. ಮೊದಲು ಬೀದಿಯನ್ನು ಎಣಿಸಿ

ಮನವಿ ಬರೆಯುವ ಮೊದಲು ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಬೀದಿ ಸುತ್ತಿ. ಎಡಗಡೆ ಒಂದು ಪುಟ, ಬಲಗಡೆ ಒಂದು ಪುಟ. ಪ್ರತಿ ಬಾಗಿಲಿಗೂ ಆಸ್ತಿ ಸಂಖ್ಯೆ, ಅಂಗಡಿ ತೆರೆದಿದೆಯೋ ಮುಚ್ಚಿದೆಯೋ, ಮೇಲಂತಸ್ತಿನಲ್ಲಿ ಯಾರಾದರೂ ಇದ್ದಾರೋ, ಎದುರಿನ ಚರಂಡಿಯ ಸ್ಲ್ಯಾಬ್ ಹೇಗಿದೆ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಏನು, ಮಳೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಮಧ್ಯಾಹ್ನ, ರಾತ್ರಿ ದೀಪ ಹತ್ತಿದ ಮೇಲೆ ಹೀಗೆ ಮೂರು ಹೊತ್ತು ನೋಡಬೇಕು. ಸಂತೆಯ ದಿನ ಬೇರೆಯಾಗಿ ನೋಡಿ. ಹಗಲು ಮಾತ್ರ ನೋಡಿದ ಪಟ್ಟಿಯಲ್ಲಿ ಉರಿಯದ ದೀಪ ಸಿಗುವುದಿಲ್ಲ, ಸಂತೆ ನೋಡದ ಪಟ್ಟಿಯಲ್ಲಿ ಲಾರಿ ನಿಲ್ಲುವ ಜಾಗ ಸಿಗುವುದಿಲ್ಲ.

ಮುಚ್ಚಿದ ಅಂಗಡಿಗಳ ಬಗ್ಗೆ ಇನ್ನೊಂದು ಅಂಕಣ ಬೇಕು: ಯಾಕೆ ಮುಚ್ಚಿದೆ? ವ್ಯಾಪಾರವಿಲ್ಲ ಎಂಬ ಉತ್ತರವನ್ನೇ ನಂಬಬೇಡಿ. ಅಣ್ಣತಮ್ಮಂದಿರ ಭಾಗದ ವ್ಯಾಜ್ಯ, ತಂದೆಯ ಹೆಸರಿನಿಂದ ವರ್ಗಾವಣೆಯಾಗದ ಖಾತೆ, ಗುತ್ತಿಗೆ ಅವಧಿ ಮುಗಿದ ಪುರಸಭೆ ಮಳಿಗೆ, ಗೋಡೆಯ ಮೇಲಿನ ಅಗಲೀಕರಣದ ಕೆಂಪು ಗುರುತು, ಈ ನಾಲ್ಕು ಕಾರಣ ಮತ್ತೆ ಮತ್ತೆ ಸಿಗುತ್ತವೆ. ಖಾತೆಯದಾದರೆ ಇ-ಆಸ್ತಿ, ಅಂದರೆ ಕಂಪ್ಯೂಟರ್ ಆಸ್ತಿ ದಾಖಲೆ ಮಾಡಿಸುವ ಶಿಬಿರ ಬೀದಿಯಲ್ಲೇ ನಡೆಸಿ ಎಂದು ಕಂದಾಯ ವಿಭಾಗವನ್ನು ಕೇಳಬಹುದು. ಕುಟುಂಬದ ವ್ಯಾಜ್ಯಕ್ಕೆ ಪುರಸಭೆ ಏನೂ ಮಾಡಲಾರದು. ಅಂಥ ಬಾಗಿಲುಗಳನ್ನು ಪಟ್ಟಿಯಿಂದ ಆಚೆ ಇಟ್ಟು ಮುಂದೆ ಹೋಗಿ.

2. ಯಾವುದು ಯಾರದು

ತಪ್ಪು ಬಾಗಿಲು ತಟ್ಟುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಪೇಟೆಯ ಮುಖ್ಯರಸ್ತೆ ಬಹಳ ಊರುಗಳಲ್ಲಿ ಪುರಸಭೆಯದಲ್ಲ, ಲೋಕೋಪಯೋಗಿ ಇಲಾಖೆಯದು. ಅದಕ್ಕೆ ಕೂಡುವ ಅಡ್ಡರಸ್ತೆಗಳು ಪುರಸಭೆಯವು. ಕಂಬ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ವಿದ್ಯುತ್ ಕಂಪನಿಯದು, ಅದರ ಮೇಲಿನ ಬೀದಿದೀಪದ ನಿರ್ವಹಣೆ ಪುರಸಭೆಯದು. ಒಳಚರಂಡಿಯನ್ನು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ಪುರಸಭೆಗೆ ಹಸ್ತಾಂತರಿಸುತ್ತದೆ. ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಮ್ಯಾನ್‌ಹೋಲ್ ಉಕ್ಕಿದಾಗ ಬರಬೇಕಾದವರು ಯಾರು ಎಂಬುದು ನಿಂತಿದೆ. ದೇವಸ್ಥಾನದ ಮಳಿಗೆಯಾದರೆ ಮುಜರಾಯಿ ಇಲಾಖೆಯನ್ನು ಕೇಳಬೇಕು.

ನೋಟ್‌ಬುಕ್ಕಿನ ಪ್ರತಿ ದೋಷದ ಎದುರು ಒಡೆಯನ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಪುರಸಭೆಯ ಎಂಜಿನಿಯರ್‌ಗೆ ಒಂದೇ ಪ್ರಶ್ನೆಯ ಪತ್ರ ಬರೆಯಿರಿ: ಈ ರಸ್ತೆ ನಿಮ್ಮ ರಸ್ತೆ ವಹಿಯಲ್ಲಿ ಇದೆಯೋ ಇಲ್ಲವೋ? "ಇಲ್ಲ" ಎಂಬ ಲಿಖಿತ ಉತ್ತರ ಬಂದರೂ ಅದಕ್ಕೆ ಬೆಲೆಯಿದೆ. ಆಮೇಲೆ ಲೋಕೋಪಯೋಗಿಯವರು ಪುರಸಭೆಯ ಕಡೆ ಕೈ ತೋರಿಸಲಾರರು.

ಪುರಸಭೆಯಾದರೆ ಮುಖ್ಯಾಧಿಕಾರಿ, ನಗರಸಭೆಯಾದರೆ ಪೌರಾಯುಕ್ತರು ಆಡಳಿತದ ಹೊಣೆ ಹೊತ್ತವರು. ಅವರ ಮೇಲೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು, ರಾಜ್ಯಮಟ್ಟದಲ್ಲಿ ಪೌರಾಡಳಿತ ನಿರ್ದೇಶನಾಲಯ. ಶಾಸಕರು ಮತ್ತು ಸಂಸದರಿಗೂ ಪುರಸಭೆ ಸಭೆಯಲ್ಲಿ ಸ್ಥಾನವಿದೆ, ಮತವಿದೆ. ನಾಮನಿರ್ದೇಶಿತ ಸದಸ್ಯರಿಗೆ ಮತವಿಲ್ಲ.

3. ಕೆಂಪು ಗುರುತಿನ ಗಂಟು

ರಸ್ತೆ ಅಗಲೀಕರಣವೆಂದು ಯಾರೋ ಬಂದು ಟೇಪು ಹಿಡಿದು, ರಸ್ತೆ ಮಧ್ಯದಿಂದ ಅಳೆದು, ಗೋಡೆಗೆ ಬಣ್ಣ ಬಳಿದು ಹೋಗಿರುತ್ತಾರೆ. ಮುಂದೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಆದರೆ ಅಂದಿನಿಂದ ಮಾಲೀಕರು ಹೆಂಚು ಬದಲಿಸುವುದಿಲ್ಲ, ಬಾಡಿಗೆಗೆ ಬರುವವರು ಮುಂಗಡ ಕೊಡುವುದಿಲ್ಲ, ಬ್ಯಾಂಕಿನವರು ಸಾಲ ಕೊಡಲು ಹಿಂದೆಮುಂದೆ ನೋಡುತ್ತಾರೆ. ಪೇಟೆ ಸಾಯುವುದಕ್ಕೆ ಒಡೆಯುವುದೇ ಬೇಕಿಲ್ಲ, ಒಡೆಯುತ್ತೇವೆ ಎಂಬ ಗುರುತು ಸಾಕು. ಹಾಗಾಗಿ ಬೀದಿಯಲ್ಲಿ ಇಂಥ ಗುರುತಿದ್ದರೆ ಬೇರೆಲ್ಲ ಕೆಲಸಕ್ಕಿಂತ ಮೊದಲು ಇದನ್ನು ಬಗೆಹರಿಸಿಕೊಳ್ಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಕೇಳಬೇಕಾದದ್ದು ಇಷ್ಟು. ಗುರುತು ಹಾಕಿದ್ದು ಯಾವ ಆದೇಶದ ಮೇಲೆ? ಸಾಮಾನ್ಯ ಸಭೆಯ ಠರಾವು ಇದೆಯೇ, ಅದರ ಸಂಖ್ಯೆ ಮತ್ತು ದಿನಾಂಕ ಏನು? ಮಹಾಯೋಜನೆಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನ್‌ನಲ್ಲಿ, ಈ ರಸ್ತೆಯ ಅಗಲ ಎಷ್ಟು ಮೀಟರ್? ಭೂಸ್ವಾಧೀನಕ್ಕೆ ಅಧಿಸೂಚನೆ ಹೊರಟಿದೆಯೇ, ಪರಿಹಾರಕ್ಕೆ ಹಣ ಇಟ್ಟಿದ್ದಾರೆಯೇ? ಒತ್ತುವರಿ ಜಾಗವನ್ನು ತೆರವು ಮಾಡುವುದು ಬೇರೆ, ಖಾತೆಯಿರುವ ಸ್ವಂತ ಆಸ್ತಿಯನ್ನು ತೆಗೆದುಕೊಳ್ಳುವುದು ಬೇರೆ. ಎರಡನೆಯದಕ್ಕೆ ಕಾನೂನಿನ ಪ್ರಕಾರ ಸ್ವಾಧೀನ ಮತ್ತು ಪರಿಹಾರ ಬೇಕು. ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಮೀನನ್ನು 5 ವರ್ಷದೊಳಗೆ ಸ್ವಾಧೀನ ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 69ನೇ ಪ್ರಕರಣ ಹೇಳುತ್ತದೆ. ಆ ಪ್ರಕರಣವನ್ನು ವಕೀಲರಿಗೆ ತೋರಿಸಿ ನಿಮ್ಮ ಬೀದಿಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿ. ದಾಖಲೆಯೇ ಇಲ್ಲ ಎಂಬ ಉತ್ತರ ಬಂದರೆ, ಅದನ್ನೇ ಅಡಕ ಮಾಡಿ ಗುರುತನ್ನು ಕೈಬಿಟ್ಟಿರುವುದಾಗಿ ಸಭೆಯಲ್ಲಿ ಠರಾವು ಮಾಡಿಸಿ. ಬಾಯಿಮಾತಿನ ಧೈರ್ಯಕ್ಕೆ ಯಾರೂ ಮನೆ ದುರಸ್ತಿಗೆ ಹಣ ಹಾಕುವುದಿಲ್ಲ.

4. ಕಾಗದ ತರಿಸುವುದು

ಮಾಹಿತಿ ಹಕ್ಕು ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಇಂಡಿಯನ್ ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅರ್ಜಿಗಳು ತಿರಸ್ಕೃತವಾಗುವುದು ಬಹುಪಾಲು ಇಲ್ಲೇ: ಚರಂಡಿ, ದೀಪ, ಮಳಿಗೆ ಎಲ್ಲವನ್ನೂ ಒಂದರಲ್ಲೇ ತುರುಕಿರುತ್ತಾರೆ. "ಯಾಕೆ ಮಾಡಿಲ್ಲ" ಎಂದು ಕೇಳಿದರೂ ಉತ್ತರ ಸಿಗದು. ಕಚೇರಿಯಲ್ಲಿರುವ ದಾಖಲೆಯನ್ನು ಹೆಸರು ಹಿಡಿದು ಕೇಳಬೇಕು. ಇದರಲ್ಲಿ ಬರುವ ಕ್ರಿಯಾಯೋಜನೆ ಎಂದರೆ ಅನುದಾನದಲ್ಲಿ ಮಾಡುವ ಕಾಮಗಾರಿಗಳ ಪಟ್ಟಿ, ಅಳತೆ ಪುಸ್ತಕ ಎಂದರೆ ಮುಗಿದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ವಹಿ. ಮಾದರಿ ಹೀಗಿರಲಿ:

"ವಾರ್ಡ್ ಸಂಖ್ಯೆ ….ರ ಪೇಟೆ ಬೀದಿಯಲ್ಲಿ …. ಇಂದ …. ವರೆಗಿನ ಚರಂಡಿ ಕಾಮಗಾರಿಗೆ ಸಂಬಂಧಿಸಿ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಿ: ಅನುಮೋದಿತ ಕ್ರಿಯಾಯೋಜನೆಯ ಸಂಬಂಧಿತ ಪುಟ, ಅಂದಾಜು ಪಟ್ಟಿ ಮತ್ತು ನಕ್ಷೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಪಾವತಿಸಿದ ಬಿಲ್ಲುಗಳು. ಹಾಗೂ ಕಾಮಗಾರಿಯನ್ನು ಸ್ಥಳದಲ್ಲಿ ಪರಿಶೀಲಿಸಲು ದಿನಾಂಕ ನಿಗದಿಪಡಿಸಿ."

ಕೊನೆಯ ಸಾಲನ್ನು ಬಿಡಬೇಡಿ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕರಣದಲ್ಲಿ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕೂ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಇದು ಗೊತ್ತಿರುವವರು ಕಡಿಮೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದಲ್ಲಿ ಸರದಿ ಬರಲು ಬಹಳ ಕಾಲ ಹಿಡಿಯುತ್ತದೆ. ಹಾಗಾಗಿ ಮೊದಲ ಮೇಲ್ಮನವಿಯ ಹಂತದಲ್ಲೇ ಖುದ್ದು ಹೋಗಿ ದಾಖಲೆ ಪಡೆಯಲು ಪ್ರಯತ್ನಿಸಿ.

5. ಕೆಲಸದ ಸರದಿ, ಅದರಲ್ಲೂ ಚರಂಡಿ

ನೆಲದಡಿಯದು ಮೊದಲು, ನೆಲದ ಮೇಲಿನದು ಆಮೇಲೆ. ಒಳಚರಂಡಿ, ನೀರಿನ ಪೈಪು, ಕೇಬಲ್ ಕೊಳವೆ. ನಂತರ ಮಳೆನೀರು ಚರಂಡಿ, ಆಮೇಲೆ ಕಾಲುದಾರಿ, ಕಟ್ಟಕಡೆಗೆ ಡಾಂಬರು. ಚುನಾವಣೆ ಹತ್ತಿರವಾದಾಗ ಡಾಂಬರು ಮೊದಲು ಬೀಳುತ್ತದೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ಮೂರು ತಿಂಗಳಿಗೆ ನೀರಿನವರು ಬಂದು ಅಗೆಯುತ್ತಾರೆ. ಹಳೇ ಡಾಂಬರನ್ನು ಕೆರೆಯದೆ ಮೇಲೆ ಮೇಲೆ ಹಾಕುವುದು ಇನ್ನೊಂದು ಅನಾಹುತ. ಪ್ರತಿ ಪದರಕ್ಕೂ ರಸ್ತೆ ಏರುತ್ತದೆ, ಹಳೇ ಅಂಗಡಿಗಳ ಹೊಸ್ತಿಲು ತಗ್ಗಾಗುತ್ತದೆ, ಮಳೆಗಾಲದಲ್ಲಿ ನೀರು ಒಳಗೆ. ಅಂದಾಜು ಪಟ್ಟಿಯಲ್ಲಿ ಹಳೇ ಪದರ ಕೆರೆಯುವ ಬಾಬ್ತು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕಾರ್ಯಾದೇಶಕ್ಕೆ ಮೊದಲೇ ಸೇರಿಸಲು ಕೇಳಿ.

ಚರಂಡಿಯ ಅಂದಾಜು ಪಟ್ಟಿ ಓದುವುದು ಕಷ್ಟವಲ್ಲ. ಉದಾಹರಣೆಗೆ, ಉದ್ದ 120 ಮೀಟರ್, ಒಳಅಗಲ 0.60, ಆಳ 0.75 ಮೀಟರ್, ಗೋಡೆ ದಪ್ಪ 15 ಸೆಂಟಿಮೀಟರ್, ಎಂ-20 ದರ್ಜೆಯ ಕಾಂಕ್ರೀಟು, 10 ಸೆಂಟಿಮೀಟರ್ ದಪ್ಪದ ಮುಚ್ಚುಸ್ಲ್ಯಾಬ್ ಎಂದಿದೆ ಎನ್ನಿ. ಟೇಪು ಹಿಡಿದು ಪ್ರತಿ 10 ಮೀಟರಿಗೆ ಒಂದರಂತೆ ಅಳೆದು, ಅಳತೆಪಟ್ಟಿ ಕಾಣುವಂತೆ ಫೋಟೊ ತೆಗೆಯಿರಿ. ಸ್ಲ್ಯಾಬ್ ಮುಚ್ಚಿದ ಮೇಲೆ ಒಳಗಿನ ಆಳ ಗೊತ್ತಾಗುವುದಿಲ್ಲ. ಅದಕ್ಕೇ ಸ್ಲ್ಯಾಬ್ ಇಡುವ ಮುಂಚಿನ ಎರಡು ದಿನ ಬಹಳ ಮುಖ್ಯ.

ಅಳತೆಗಿಂತ ಹೆಚ್ಚಾಗಿ ಕೆಡುವುದು ಇಳಿಜಾರು. 200ಕ್ಕೆ 1ರ ಇಳಿಜಾರೆಂದರೆ 120 ಮೀಟರಿಗೆ ತಳ 60 ಸೆಂಟಿಮೀಟರ್ ಇಳಿಯಬೇಕು. ಗಾರೆ ಮೇಸ್ತ್ರಿಗಳ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆ ಇದ್ದರೆ ಇಬ್ಬರೇ ಇದನ್ನು ಪರೀಕ್ಷಿಸಬಹುದು. ಕೊಳವೆ ಉದ್ದ ಸಾಲದಿದ್ದರೆ 20 ಮೀಟರಿನಂತೆ ತುಂಡು ತುಂಡಾಗಿ ಅಳೆದು ಕೂಡಿಸಿ. ಚರಂಡಿ ಎಲ್ಲಿ ಹೋಗಿ ಸೇರುತ್ತದೆಯೋ ಆ ರಾಜಕಾಲುವೆಯ ತಳ ಇದಕ್ಕಿಂತ ತಗ್ಗಿನಲ್ಲಿರಬೇಕು. ಹಾಗಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ಕಟ್ಟಿದರೂ ಅದು ನೀರು ನಿಲ್ಲುವ ತೊಟ್ಟಿಯೇ. ಕೊನೆಯ ಪರೀಕ್ಷೆ ಸುಲಭ: ಮೇಲಿನ ತುದಿಯಲ್ಲಿ ಟ್ಯಾಂಕರ್‌ನಿಂದ ನೀರು ಬಿಡಿಸಿ. ಅರ್ಧ ಗಂಟೆಯ ಮೇಲೂ ನೀರು ನಿಂತ ಜಾಗಕ್ಕೆ ಬಣ್ಣದಿಂದ ಗುರುತು ಹಾಕಿ, ಎಂಜಿನಿಯರ್ ಎದುರೇ ಬರೆಸಿ.

ಇನ್ನು ಚಿಕ್ಕಪುಟ್ಟದ್ದು ಎನಿಸಿದರೂ ಮುಂದೆ ಚರಂಡಿಯನ್ನೇ ಕೊಲ್ಲುವ ವಿಷಯಗಳು. ರಸ್ತೆಯ ನೀರು ಒಳಗಿಳಿಯಲು ಬಾಯಿ ಬಿಟ್ಟಿರುವುದಿಲ್ಲ. ಸ್ಲ್ಯಾಬನ್ನು ಗೋಡೆಯ ಜೊತೆಗೇ ಎರಕ ಹೊಯ್ದಿರುತ್ತಾರೆ, ಹಾಗಾಗಿ ಹೂಳು ತೆಗೆಯಲು ಎತ್ತಲಾಗುವುದಿಲ್ಲ. ಬಿಡಿ ಸ್ಲ್ಯಾಬ್ ಇದ್ದರೂ ಎತ್ತಲು ಕೊಂಡಿ ಇರುವುದಿಲ್ಲ, ಪೌರಕಾರ್ಮಿಕರು ಹಾರೆ ಹಾಕಿ ಎಬ್ಬಿಸುವಾಗ ಮೂಲೆ ಒಡೆಯುತ್ತದೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಗೋಣಿತಾಟು ಹಾಸಿ ಒದ್ದೆಯಾಗಿಡದಿದ್ದರೆ ಬಿಸಿಲಿನಲ್ಲಿ ಮೇಲ್ಮೈ ಪುಡಿಯಾಗುತ್ತದೆ. ಬೀದಿಯ ಅಂಗಡಿಯವರೇ ದಿನಕ್ಕೆ ಮೂರು ಸಲ ನೀರು ಹಾಕುವ ಹೊಣೆ ಹೊತ್ತುಕೊಂಡರೂ ತಪ್ಪಿಲ್ಲ. ಆದರೆ ಅದು ಗುತ್ತಿಗೆದಾರರ ಕರ್ತವ್ಯ ಎಂಬುದು ದಾಖಲೆಯಲ್ಲಿರಲಿ.

ಕಾಲುದಾರಿಗೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ಅಡೆತಡೆಯಿಲ್ಲದ ಕನಿಷ್ಠ ಅಗಲ 1.8 ಮೀಟರ್, ಎತ್ತರ 15 ಸೆಂಟಿಮೀಟರ್ ಮೀರಬಾರದು. ಇಂಟರ್‌ಲಾಕ್ ಇಟ್ಟಿಗೆ ನಡೆಯುವಲ್ಲಿ 60 ಮಿಲಿಮೀಟರ್ ಸಾಕು, ವಾಹನ ಹತ್ತುವಲ್ಲಿ 80 ಬೇಕು. ಅಂಚಿಗೆ ಗಟ್ಟಿ ಕಲ್ಲು ಕೂರಿಸದಿದ್ದರೆ ಅಡಿಯ ಮರಳು ಮಳೆಗೆ ಜಾರಿ, ಇಟ್ಟಿಗೆ ಅಲುಗಾಡತೊಡಗುತ್ತದೆ.

6. ಬೀದಿ ವ್ಯಾಪಾರಿಗಳನ್ನು ಓಡಿಸಿ ಪೇಟೆ ಉಳಿಯದು

ಹೂವು, ಹಣ್ಣು, ಸೊಪ್ಪಿನವರು ಇರುವ ಕಡೆಗೇ ಜನ ಬರುವುದು. ಅವರನ್ನು ತೆರವು ಮಾಡಿದ ಮಾರನೇ ತಿಂಗಳು ಪಕ್ಕದ ಅಂಗಡಿಯ ವ್ಯಾಪಾರವೂ ಇಳಿಯುತ್ತದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳ ಪ್ರತಿನಿಧಿಗಳು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. 5 ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ಮುನ್ನ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನದ ನೋಟಿಸ್ ಕಡ್ಡಾಯ. ಪುರಸಭೆಗೆ ಕೇಳಿ: ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ, ನಡಾವಳಿ (ಸಭೆಯ ಲಿಖಿತ ದಾಖಲೆ) ಎಲ್ಲಿ? ಮಳಿಗೆಯವರೂ ಗಾಡಿಯವರೂ ಒಟ್ಟಿಗೆ ಕೂತು, ನೋಟ್‌ಬುಕ್ಕಿನ ನಕ್ಷೆಯ ಮೇಲೆ 1.8 ಮೀಟರ್ ದಾರಿ ಬಿಟ್ಟು ಉಳಿದ ಜಾಗದಲ್ಲಿ ಗಾಡಿಗಳಿಗೆ ಗೆರೆ ಎಳೆದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

7. ಹಣ ಎಲ್ಲಿದೆ

ಅನುದಾನ ಇಲ್ಲ ಎಂಬ ಮಾತು ಬಂದಾಗ ಮಳಿಗೆ ಬಾಡಿಗೆಯ ಡಿಸಿಬಿ, ಅಂದರೆ ಬೇಡಿಕೆ-ವಸೂಲಿ-ಬಾಕಿ ಪಟ್ಟಿ ಕೇಳಿ. ಹಳೇ ಮಳಿಗೆಗಳಲ್ಲಿ ಅವಧಿ ಮುಗಿದ ಗುತ್ತಿಗೆ, ಒಳಬಾಡಿಗೆ, ವರ್ಷಗಳ ಬಾಕಿ ಸಾಮಾನ್ಯ. ಬಾಡಿಗೆ ಸರಿಯಾಗಿ ಬಾರದ ಕಟ್ಟಡಕ್ಕೆ ದುರಸ್ತಿಯೂ ಆಗುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಉಳಿಸಬೇಕೋ ಒಡೆದು ಕಟ್ಟಬೇಕೋ ಎಂಬ ವಾದ ಆ ಮೇಲೆ ವರ್ಷಗಟ್ಟಲೆ ಎಳೆಯಿತು. ನಿಮ್ಮ ಊರಿನ ಹಳೇ ಮಳಿಗೆ ಸಾಲಿಗೆ ಮಳೆಗಾಲದ ಮೊದಲೇ ತಾರಸಿಯಲ್ಲಿ ಬೇರುಬಿಟ್ಟ ಆಲ, ಅರಳಿ ಸಸಿಗಳನ್ನು ತೆಗೆಸುವುದು, ನೀರಿಳಿಯುವ ಕೊಳವೆ ಬಿಡಿಸುವುದು ಕಡಿಮೆ ಖರ್ಚಿನ, ಪ್ರಾಣ ಉಳಿಸುವ ಕೆಲಸ. ಇದನ್ನು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಲಿಖಿತವಾಗಿ ಕೇಳಿ.

ಆಯವ್ಯಯ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುತ್ತಾರೆ, ಹೋಗುವವರು ಬೆರಳೆಣಿಕೆ. ಅಲ್ಲಿಗೆ ಹತ್ತು ಬೇಡಿಕೆ ಒಯ್ಯಬೇಡಿ. ಉದ್ದ, ಅಗಲ, ಜಾಗ ಸಮೇತ ಎರಡೇ ಕಾಮಗಾರಿ ಕೊಡಿ. ಕ್ರಿಯಾಯೋಜನೆಯಲ್ಲಿ "ವಿವಿಧ ವಾರ್ಡುಗಳಲ್ಲಿ ಚರಂಡಿ ಅಭಿವೃದ್ಧಿ" ಎಂದಷ್ಟೇ ಬರೆದಿದ್ದರೆ ಆ ಹಣ ನಿಮ್ಮ ಬೀದಿಗೆ ಬಂದಿದೆಯೋ ಇಲ್ಲವೋ ಎಂದು ಯಾರೂ ಹೇಳಲಾರರು.

8. ಸದಸ್ಯರಿಂದ ಏನು ಕೇಳಬೇಕು

ವಾರ್ಡ್ ಸದಸ್ಯರು ಗುತ್ತಿಗೆದಾರರಿಗೆ ಆದೇಶ ಕೊಡಲಾರರು, ಬಿಲ್ ತಡೆಯಲಾರರು. ಆದರೆ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬಲ್ಲರು, ಸಭೆಯಲ್ಲಿ ಪ್ರಶ್ನೆ ಕೇಳಬಲ್ಲರು, ಠರಾವಿಗೆ ವಿರೋಧ ದಾಖಲಿಸಬಲ್ಲರು. "ನಮ್ಮ ಬೀದಿ ಸರಿಮಾಡಿಸಿ ಅಣ್ಣಾ" ಎಂದರೆ "ಆಯ್ತು ಮಾಡಿಸೋಣ" ಎಂಬ ಉತ್ತರ ಬರುತ್ತದೆ, ಅಷ್ಟೇ. ಅದರ ಬದಲು ಒಂದು ಪುಟದ ಪತ್ರ ಕೊಡಿ: ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ತನ್ನಿ, ನಡಾವಳಿಯ ಪ್ರತಿ ಕೊಡಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಪಡೆಯಿರಿ. ಸದಸ್ಯೆಯಿರುವ ವಾರ್ಡಿನಲ್ಲಿ ಪತ್ರವನ್ನು ಅವರ ಕೈಗೇ ಕೊಟ್ಟು ಅವರದೇ ಸಹಿ ಪಡೆಯಿರಿ, ಗಂಡನ ಕೈಗಲ್ಲ. ಮತ ಪಡೆದವರು ಅವರು, ಸಭೆಯಲ್ಲಿ ಮಾತಾಡುವ ಹಕ್ಕೂ ಹೊಣೆಯೂ ಅವರದೇ.

ನಡಾವಳಿ ಓದುವಾಗ ಹಾಜರಾತಿ ನೋಡಿ, ಆಮೇಲೆ ಕೊನೆಯ ಪುಟಕ್ಕೆ ಹೋಗಿ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ತಲೆಬರಹದಡಿ ಕಾರ್ಯಸೂಚಿಯಲ್ಲಿಲ್ಲದ ಮಳಿಗೆ ಹಂಚಿಕೆ, ಗುತ್ತಿಗೆ ವಿಸ್ತರಣೆಗಳು ಚರ್ಚೆಯಿಲ್ಲದೆ ಹಾದುಹೋಗಲು ಅವಕಾಶವಿರುತ್ತದೆ.

ಆಡಳಿತ ಮಂಡಳಿಯೇ ಇಲ್ಲದ ಕಾಲವೂ ಬರುತ್ತದೆ. 2018ರ ಆಗಸ್ಟ್‌ನಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದರೂ, ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದ ಗೆದ್ದವರು ಅಧಿಕಾರ ಹಿಡಿಯಲು ಸುಮಾರು ಎರಡು ವರ್ಷ ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಆಡಳಿತಾಧಿಕಾರಿಯೇ ಸಭೆಯ ಸ್ಥಾನದಲ್ಲಿರುತ್ತಾರೆ. ನಿಮ್ಮ ಪತ್ರಗಳ ವಿಳಾಸ ಬದಲಾಗಬೇಕು, ಪತ್ರ ನಿಲ್ಲಬಾರದು.

9. ಬಿಲ್ಲಿಗೆ ಮೊದಲು, ಠೇವಣಿಗೆ ಮೊದಲು

ಕೆಲಸ ಮುಗಿದು ಅಂತಿಮ ಬಿಲ್ ಪಾವತಿಯಾಗುವ ನಡುವಿನ ದಿನಗಳಲ್ಲೇ ನಿಮ್ಮ ಮಾತಿಗೆ ಅತಿ ಹೆಚ್ಚು ತೂಕ. ಹಣ ಹೋದ ಮೇಲೆ ದೂರು ಬರೀ ದೂರಾಗಿಯೇ ಉಳಿಯುತ್ತದೆ. ವಿಶೇಷವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಎಚ್ಚರವಿರಲಿ. ಆರ್ಥಿಕ ವರ್ಷ ಮುಗಿಯುವ ಅವಸರದಲ್ಲಿ ಬಿಲ್ಲುಗಳು ಓಡುತ್ತವೆ. ಅಳತೆಯ ಫೋಟೊ, ಅಂದಾಜು ಪಟ್ಟಿಯ ಪುಟ, ವ್ಯತ್ಯಾಸದ ಕೋಷ್ಟಕ ಮೂರನ್ನೂ ಲಗತ್ತಿಸಿ ಮುಖ್ಯಾಧಿಕಾರಿಗೆ ಕೊಡಿ, ಪ್ರತಿಯನ್ನು ಯೋಜನಾ ನಿರ್ದೇಶಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಳತೆ ಪುಸ್ತಕದಲ್ಲಿ ಇಲ್ಲದ ಕೆಲಸ ಬರೆದಿದ್ದರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರ (ಅಫಿಡವಿಟ್) ಸಮೇತ ದೂರು ಕೊಡಬಹುದು. ಅದಕ್ಕೆ ಮೊದಲು ಪುರಸಭೆಯ ಲೆಕ್ಕ ಪರಿಶೋಧನಾ ವರದಿ ತರಿಸಿ ನೋಡಿ, ಅದೇ ಕಾಮಗಾರಿಯ ಬಗ್ಗೆ ಆಕ್ಷೇಪಣೆ ಆಗಲೇ ಇದ್ದರೆ ನಿಮ್ಮ ದೂರಿಗೆ ಆಧಾರ ಸಿಕ್ಕಿತು.

ಟೆಂಡರ್ ಷರತ್ತಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂದು ಬರೆದಿರುತ್ತದೆ. ಆ ಅವಧಿಯಲ್ಲಿ ಒಡೆದ ಸ್ಲ್ಯಾಬ್, ಕುಸಿದ ಇಟ್ಟಿಗೆ, ನೀರು ನಿಲ್ಲುವ ಜಾಗವನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಅವಧಿ ಮುಗಿಯುವ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಅದಕ್ಕೆ ಎರಡು ತಿಂಗಳು ಇರುವಾಗ ಇನ್ನೊಮ್ಮೆ ಬೀದಿ ಸುತ್ತಿ, ದೋಷಗಳ ಪಟ್ಟಿ ಮಾಡಿ, ಇವು ಸರಿಯಾಗುವವರೆಗೆ ಗುತ್ತಿಗೆದಾರರ ಭದ್ರತಾ ಠೇವಣಿ ಮರಳಿಸಬಾರದೆಂದು ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಠೇವಣಿ ಮರಳಿಸುವ ಕಡತದಲ್ಲಿ ಆ ಮನವಿ ಸೇರಿದೆಯೇ ಎಂದು ಹದಿನೈದು ದಿನ ಬಿಟ್ಟು ಕಚೇರಿಗೆ ಹೋಗಿ ಕೇಳಿ.